ನಲ್ಲಿಗೆ ಕಟ್ಟಿದ ವೈರು

ಮಳೆ ಬಂದಿಲ್ಲ, ಆದರೂ ಬೇವಿನ ಮರ ಹನಿ ತೊಟ್ಟಿಕ್ಕುತ್ತಿದೆ. ಧನುರ್ಮಾಸದ ಮೊದಲ ಶನಿವಾರ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಕಡೆಯ ಈ ಸಣ್ಣ ಊರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿದೆಯೆಂದರೆ, ಹನುಮಂತರಾಯನ ಗುಡಿಯ ಮುಂದೆ ನಿಂತವರಿಗೆ ದೀಪದ ಕಂಬದ ತುದಿ ಕಾಣುವುದಿಲ್ಲ. ಗುಡಿಯ ಕಲ್ಲುಚಪ್ಪಡಿ ಯಾರೂ ತೊಳೆಯದೆಯೇ ಒದ್ದೆಯಾಗಿದೆ. ಬಂದವರೆಲ್ಲ ಕೈ ಉಜ್ಜಿಕೊಳ್ಳುತ್ತ, ಹಿತ್ತಲ ಒಲೆಯ ಮೇಲೆ ಬೇಯುತ್ತಿರುವ ಹುಗ್ಗಿಯ ವಾಸನೆಗೆ ಮೂಗು ಅರಳಿಸುತ್ತಿದ್ದಾರೆ. ಸೀನಪ್ಪ ಮಾತ್ರ ಬಗ್ಗಿ ನೆಲ ಮುಟ್ಟಿ ನೋಡುತ್ತಾರೆ. ಬೆರಳಿಗೆ ಹತ್ತಿದ ತೇವವನ್ನು ಪಂಚೆಗೆ ಒರೆಸಿಕೊಂಡು, ದೇವರ ಕಡೆ ಒಮ್ಮೆ ನೋಡಿ, ಕೆಲಸಕ್ಕೆ ಇಳಿಯುತ್ತಾರೆ.

ಅವರ ಮೊಪೆಡ್ಡಿನ ಹಿಂದೆ ಗೋಣಿಚೀಲ ಸುತ್ತಿ ಕಟ್ಟಿರುವುದು ಒಂದು ಕರಿಯ ಪೆಟ್ಟಿಗೆ. ಆಂಪ್ಲಿಫೈಯರ್ರೂ ಸ್ಪೀಕರ್ರೂ ಅದರೊಳಗೇ ಕೂತಿವೆ. ಊರಿಗೆಲ್ಲ ಕೂಗಿ ಹೇಳುವ ಮೈಕ್‌ಸೆಟ್ಟಿನ ಜಾತಿಯದಲ್ಲ ಇದು. ಮ್ಯಾಂಡೋಲಿನ್, ಗಿಟಾರ್, ಕೀಬೋರ್ಡುಗಳ ಬಾಲಕ್ಕೆ ಸಿಕ್ಕಿಸಿದ ಕೇಬಲ್ಲು ನೇರವಾಗಿ ಬಂದು ಸೇರುವ ವಾದ್ಯದ ಪೆಟ್ಟಿಗೆ. ಸುತ್ತಲಿನ ಊರುಗಳಲ್ಲಿ ಇದಕ್ಕೆ ಬರೀ ‘ಬಾಕ್ಸು’ ಎನ್ನುತ್ತಾರೆ. ಇದನ್ನು ಹೊತ್ತು ತಿರುಗುವವರು ‘ಬಾಕ್ಸ್ ಸೀನಪ್ಪ’.

ನೇಯ್ಗೆಯವರ ಮನೆಯಲ್ಲಿ ಹುಟ್ಟಿದ ಸೀನಪ್ಪನವರಿಗೆ ಈಗ ಐವತ್ತಾರು. ದೊಡ್ಡಬಳ್ಳಾಪುರದಲ್ಲಿ ಅಪ್ಪ ನಡೆಸುತ್ತಿದ್ದ ಪವರ್‌ಲೂಮುಗಳ ನಡುವೆ ಬೆಳೆದವರು. ಮಗ್ಗದ ಮೋಟಾರು ಸುಟ್ಟರೆ ಬಿಚ್ಚಿ ನೋಡುವ ಚಾಳಿ ಮೊದಲಿನಿಂದಲೂ ಇತ್ತು. ಮಗ್ಗಗಳು ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮೇಲೆ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಕೂತು ಕೆಲಸ ಕಲಿತರು. ಊರಿನ ಆರ್ಕೆಸ್ಟ್ರಾ ಒಂದು ಮುರಿದು ಬಿದ್ದಾಗ, ಅವರಲ್ಲಿ ಮೂಲೆ ಸೇರಿದ್ದ ಈ ಬಾಕ್ಸನ್ನು ಮನೆಗೆ ತಂದರು. ಅಂದಿನಿಂದ ಮದುವೆ, ಭಜನೆ, ಸಂಗೀತಶಾಲೆಯ ವಾರ್ಷಿಕೋತ್ಸವ ಎಂದು ಅದರ ಹಿಂದೆಯೇ ಅವರ ಬದುಕು. ಮೂವತ್ತು ಕೆಜಿ ತೂಕದ ಪೆಟ್ಟಿಗೆಯನ್ನು ಇಳಿಸಿ ಏರಿಸಿ ಸೊಂಟ ಒಂದು ಕಡೆಗೆ ವಾಲಿದೆ. ಲಗ್ನದ ತಿಂಗಳುಗಳಲ್ಲಿ ದಿನಕ್ಕೆರಡು ಕಡೆ ಓಡಾಟ, ಆಷಾಢದಲ್ಲಿ ಬಾಕ್ಸಿನ ಮೇಲೆ ಹೆಂಡತಿ ವರಲಕ್ಷ್ಮಮ್ಮನವರು ಕುಚ್ಚು ಹಾಕಿದ ಸೀರೆಗಳು ಪೇರಿಸಿಕೊಂಡಿರುತ್ತವೆ.

ಜನಕ್ಕೆ ಗೊತ್ತಿರುವುದು ಬಾಕ್ಸು ಸದ್ದು ಮಾಡುತ್ತದೆ ಎಂಬುದಷ್ಟೆ. ಸೀನಪ್ಪನವರ ತಲೆಯಲ್ಲಿ ತಿರುಗುವುದು ಕರೆಂಟು. ಮ್ಯಾಂಡೋಲಿನ್ನಿನ ತಂತಿಗಳು ಉಕ್ಕಿನವು. ಕೇಬಲ್ಲಿನ ಮೂಲಕ ಅವು ಬಾಕ್ಸಿನ ಕಬ್ಬಿಣದ ಮೈಗೇ ಸೇರಿರುತ್ತವೆ. ಆ ಮೈಗೆ ಕರೆಂಟು ಸೋರಿದರೆ ನುಡಿಸುವವರ ಬೆರಳಿಗೂ ಬರುತ್ತದೆ. ನುಡಿಸುವವರು ಕೂರುವುದೋ ಬರಿಗಾಲಲ್ಲಿ, ಒದ್ದೆ ಕಲ್ಲಿನ ಮೇಲೆ. ಹಳೆಯ ಗುಡಿಗಳ ಸ್ವಿಚ್ ಬೋರ್ಡಿನಲ್ಲಿ ಮೂರು ತೂತುಗಳಿದ್ದರೂ ಕರೆಂಟನ್ನು ನೆಲಕ್ಕಿಳಿಸುವ ‘ಅರ್ಥ್’ನ ಮೂರನೆಯದರ ಹಿಂದೆ ವೈರೇ ಇರುವುದಿಲ್ಲ. ಹಾಗಾಗಿ ಸೀನಪ್ಪ ಬಾಕ್ಸಿನ ಮೈಯಿಂದ ಉದ್ದನೆಯ ಹಸಿರು ವೈರೊಂದನ್ನು ಎಳೆದು, ನೆಲದಿಂದ ಮೇಲೆದ್ದ ಕಬ್ಬಿಣದ ನಲ್ಲಿಗೆ ಕಚ್ಚಿಸುತ್ತಾರೆ. ಸೋರಿದ ಕರೆಂಟು ನೆಲಕ್ಕಿಳಿದು ಹೋಗಲಿ ಎಂದು. ಆಮೇಲೂ ಸಮಾಧಾನವಿಲ್ಲ. ವಾದ್ಯದವರನ್ನು ಮುಟ್ಟಗೊಡದೆ, ತಾವೇ ಮೊದಲು ಹಿಂಗೈ ತಾಗಿಸಿ ನೋಡುತ್ತಾರೆ.

“ಅಂಗೈ ಕೊಟ್ರೆ ಹಿಡ್ಕಂಬಿಡ್ತದೆ ಸ್ವಾಮಿ, ಬೆರಳು ಬಿಚ್ಚಕ್ಕಾಗಲ್ಲ. ಹಿಂಗೈ ಆದ್ರೆ ಒದ್ದು ಆಚೆ ಬಿಸಾಕ್ತದೆ. ಬೇರೆಯೋರು ಹಿಂಗೆ ಮಾಡ್ಬೇಡಿ ಅಂತೀನಿ. ನಾನು ಮಾಡ್ದಿದ್ರೆ ನಂಗೆ ನಿದ್ದೆ ಬರಲ್ಲ, ಅಷ್ಟೆ.”

ವರಲಕ್ಷ್ಮಮ್ಮನವರಿಗೆ ಇದು ಹಳೆಯ ತಮಾಷೆ. ಗುಡಿಗೆ ಹೋದವರು ದೇವರಿಗೆ ಕೈ ಮುಗಿಯುವುದಕ್ಕೆ ಮುಂಚೆ ಡಬ್ಬಕ್ಕೆ ಕೈ ಮುಟ್ಟಿಸುತ್ತಾರೆ, ಹನುಮಂತರಾಯ ಕೋಪ ಮಾಡಿಕೊಳ್ಳದಿದ್ದರೆ ಸಾಕು ಎಂದು ಗಂಡನ ಕಾಲೆಳೆಯುತ್ತಾರೆ. ಆದರೆ ಮಂಜು ಬಿದ್ದ ಬೆಳಗುಗಳಲ್ಲಿ ಅವರೂ ಗಂಡ ಮನೆಗೆ ಬರುವ ತನಕ ಬಾಗಿಲ ಕಡೆ ನೋಡುತ್ತಲೇ ಇರುತ್ತಾರೆ.

ಈ ಗುಡಿಗೆ ಸೀನಪ್ಪ ಹಳಬರು. ಧನುರ್ಮಾಸದ ಶನಿವಾರಗಳಲ್ಲಿ ಬಾಕ್ಸಿಡುವುದು ಅವರದೇ ಪಾಲಿನ ಸೇವೆ. ಇಂದು ನುಡಿಸಬೇಕಾದವಳು ಸಿಂಚನ, ದೊಡ್ಡಬಳ್ಳಾಪುರದ ಕಾಲೇಜು ಹುಡುಗಿ. ದೇವರ ಮುಂದೆ ಆಕೆಗೆ ಇದು ಮೊದಲ ಸಲ. ಮ್ಯಾಂಡೋಲಿನ್ನನ್ನು ಶಾಲಿನಲ್ಲಿ ಸುತ್ತಿ ಮಗುವಿನಂತೆ ತಬ್ಬಿಕೊಂಡು ಕಂಬದ ಪಕ್ಕ ಕಾಯುತ್ತಿದ್ದಾಳೆ.

ಸೀನಪ್ಪ ಬಾಕ್ಸನ್ನು ಮಣೆಯ ಮೇಲೆ ಎತ್ತಿಡುತ್ತಾರೆ. ಕಲ್ಲಿನ ಗೋಡೆಗೆ ಹತ್ತಿರವಾದರೆ ಸದ್ದು ಗುಮ್ಮೆಂದು ತಿರುಗಿ ಬರುತ್ತದೆಂದು ಮುಂದಕ್ಕೆ ಎಳೆಯುತ್ತಾರೆ. ಗುಂಡಿಗಳನ್ನೆಲ್ಲ ಸೊನ್ನೆಗೆ ತಿರುಗಿಸುತ್ತಾರೆ. ಗುಡಿಯ ಬಲಕ್ಕೆ ಬಳಸಿ ಹೋಗಿ, ಹಿತ್ತಲ ನಲ್ಲಿಗೆ ಹಸಿರು ವೈರು ಕಚ್ಚಿಸಿ ಬಂದು ಸ್ವಿಚ್ಚು ಒತ್ತುತ್ತಾರೆ. ಬಾಕ್ಸಿನೊಳಗಿಂದ ದುಂಬಿ ಸಿಕ್ಕಿಕೊಂಡಂತೆ ಗುಂಯ್ ಎನ್ನುವ ಸದ್ದು. ನಲ್ಲಿಗೆ ವೈರು ಕೂತ ದಿನ ಆ ಸದ್ದು ಇರುವುದೇ ಇಲ್ಲ. ಇಂದು ನಿಂತಿಲ್ಲ.

ಹಿಂಗೈ ತಾಗಿಸುತ್ತಾರೆ. ಜುಮ್ಮೆನ್ನುತ್ತದೆ.

ಪಿನ್ನು ಕಿತ್ತು, ಅದರೊಳಗಿನ ಎರಡು ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಸಿಕ್ಕಿಸುತ್ತಾರೆ. ಜುಮ್ಮೆನ್ನುವುದು ಸ್ವಲ್ಪ ತಗ್ಗುತ್ತದೆ, ಹೋಗುವುದಿಲ್ಲ. ಅಷ್ಟರಲ್ಲಿ ಗುಡಿಯ ಸಮಿತಿಯ ಅಧ್ಯಕ್ಷ ಆದಿನಾರಾಯಣಪ್ಪನವರು ಬಂದು ನಿಲ್ಲುತ್ತಾರೆ. ಅಭಿಷೇಕ ಮುಗಿಯುತ್ತ ಬಂತು, ಅಲಂಕಾರಕ್ಕೆ ತೆರೆ ಎಳೆದಾಗ ಸಂಗೀತ ಶುರುವಾಗಬೇಕು.

“ಏನ್ ಸೀನಪ್ಪ, ಇನ್ನೂ ಡಬ್ಬ ಸವರ್ತಾನೇ ಇದೀಯಲ್ಲಪ್ಪ. ಅದೇನು ಹಾಲು ಕರೆಯೋ ಹಸೂನಾ?”

ಸುತ್ತ ನಿಂತವರು ನಗುತ್ತಾರೆ. ಸೀನಪ್ಪ ಒಂದೇ ನಿಮಿಷ ಎಂದು ಕೇಳಿಕೊಂಡು, ನಲ್ಲಿಯ ಕಡೆ ಕ್ಲಿಪ್ಪು ತುಕ್ಕು ಹಿಡಿದಿರಬೇಕೆಂದು ಎಣಿಸಿ ಹೊರಡುತ್ತಾರೆ. ಆ ಅವಸರದಲ್ಲಿ ಸ್ವಿಚ್ಚು ತೆಗೆಯುವುದು ಮರೆತುಹೋಗುತ್ತದೆ.

ಗುಡಿಯ ಮೂಲೆ ತಿರುಗುವುದಕ್ಕೂ, ಹಿತ್ತಲಲ್ಲಿ ಸ್ಟೀಲಿನ ಬಿಂದಿಗೆ ಕಲ್ಲಿಗೆ ಬಡಿದು ಉರುಳುವ ಸದ್ದಿಗೂ ಸರಿಹೋಗುತ್ತದೆ.

ನಲ್ಲಿಯ ಬುಡದಲ್ಲಿ ಮುನಿತಾಯಮ್ಮ ಕೂತುಬಿಟ್ಟಿದ್ದಾರೆ. ಗುಡಿಯಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವ ಅರವತ್ತೈದರ ಹೆಂಗಸು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಾಯಿ ತೆರೆದಿದ್ದಾರೆ, ದನಿ ಬರುತ್ತಿಲ್ಲ. ಒಲೆಯ ಹತ್ತಿರವಿದ್ದ ಹೆಂಗಸರು ಅವರನ್ನು ಎತ್ತಲು ಓಡಿಬರುತ್ತಿದ್ದಾರೆ. ಎಲ್ಲರೂ ಬರಿಗಾಲು, ನಲ್ಲಿ ಅವರ ಮೈಗೆ ಒಂದು ಮೊಳ ದೂರ.

ಸೀನಪ್ಪ ಬಿದ್ದವರ ಕಡೆ ಓಡುವುದಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತಾರೆ. ನಲ್ಲಿ ಮುಟ್ಟಬೇಡಿ ಎಂದು ಕೂಗುತ್ತಲೇ ಪ್ರದಕ್ಷಿಣೆಯವರನ್ನು ತಳ್ಳಿಕೊಂಡು ಹೋಗಿ ಬೋರ್ಡಿನಿಂದ ಪಿನ್ನು ಕಿತ್ತು ನೆಲಕ್ಕೆ ಎಸೆಯುತ್ತಾರೆ. ಕರೆಂಟು ಹೊಡೆದು ಬಿದ್ದ ಮುದುಕಿಯನ್ನು ಬಿಟ್ಟು ಓಡಿಹೋದನಲ್ಲ ಎಂದು ಒಬ್ಬಾಕೆ ಬೈದದ್ದು ಅವರ ಕಿವಿಗೆ ಬಿದ್ದಿದೆ.

ಮರಳಿ ಬಂದಾಗ ಮುನಿತಾಯಮ್ಮ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿ ನೋಡಿಕೊಳ್ಳುತ್ತಿದ್ದಾರೆ. ಸೀನಪ್ಪನ ಮುಖ ನೋಡಿ ಮೊದಲು ಮಾತಾಡಿದವರು ಅವರೇ.

“ಹಾವೇನೋ ಕಚ್ತು ಅಂದ್ಕಂಡೆ ಕಣಪ್ಪಾ. ನಾಗಪ್ಪ ಸುಬ್ಬರಾಯ ಘಾಟಿ ಗುಡಿ ಬಿಟ್ಟು ನಮ್ಮ ಹನುಮಪ್ಪನ ನಲ್ಲಿಗ್ಯಾಕ್ ಬಂದ ಅಂತ.”

ಯಾರಿಗೂ ನಗು ಬರುವುದಿಲ್ಲ. ಸೀನಪ್ಪ ಮಂಡಿಯೂರಿ ನಲ್ಲಿಯ ಬುಡದ ಮಣ್ಣನ್ನು ಕೈಯಿಂದಲೇ ಕೆದರುತ್ತಾರೆ. ಗೇಣುದ್ದದ ಕಬ್ಬಿಣ. ಅದರ ಕೆಳಗೆ ಕರಿಯ ಪ್ಲಾಸ್ಟಿಕ್ ಪೈಪು. ದೀಪಾವಳಿ ಕಳೆದ ಮೇಲೆ ಊರಿಗೆಲ್ಲ ಹೊಸ ಪೈಪು ಎಳೆದರೆಂದು ಆಗ ಒಬ್ಬರು ನೆನಪಿಸಿಕೊಳ್ಳುತ್ತಾರೆ. ಮೇಲಿನ ನಲ್ಲಿ ಮಾತ್ರ ಹಳೆಯದೇ, ಬಣ್ಣವೂ ಅದೇ. ಇಷ್ಟು ವರ್ಷ ನೆಲಕ್ಕಿಳಿಯುತ್ತಿದ್ದ ಕರೆಂಟಿಗೆ ದಾರಿ ಮುಚ್ಚಿತ್ತು. ಯಾರಿಗೂ ಏನೂ ಆಗಬಾರದೆಂದು ಸೀನಪ್ಪ ಕಟ್ಟಿದ ವೈರೇ ಬಾಕ್ಸಿನ ಕರೆಂಟನ್ನು ಎಳೆತಂದು ನಲ್ಲಿಯ ಮೈಗೆ ಏರಿಸಿತ್ತು.

ಮಣ್ಣಾದ ಕೈಯಲ್ಲೇ ಎದ್ದು ನಿಂತು, ತಪ್ಪು ತಮ್ಮದೇ, ನಲ್ಲಿಯ ಬುಡ ನೋಡದೆ ವೈರು ಕಟ್ಟಿದೆ, ಸ್ವಿಚ್ಚು ತೆಗೆಯದೆ ಬಂದೆ ಎಂದು ಅವರು ಎಲ್ಲರೆದುರು ಹೇಳುತ್ತಾರೆ. ಆದಿನಾರಾಯಣಪ್ಪನವರ ಮುಖ ಬಿಗಿಯುತ್ತದೆ. ಬೈಯುವ ಹೊತ್ತಲ್ಲ ಎಂದುಕೊಂಡು, ಬೇಗ ಬೇರೆ ದಾರಿ ನೋಡು ಎನ್ನುತ್ತಾರೆ.

ಬೇರೆ ದಾರಿ ಇಲ್ಲದೆ ಇಲ್ಲ. ಅಭಿಷೇಕದ ನೀರು ಹರಿದುಹೋಗುವ ಕಡೆ ನೆಲ ಬೇಸಿಗೆಯಲ್ಲೂ ಹಸಿ. ಅಲ್ಲಿ ಕಬ್ಬಿಣ ಹೊಡೆಯಬಹುದೇ ಎಂದು ಅರ್ಚಕರನ್ನು ಕೇಳಿದರೆ, ಭೂಮಿತಾಯಿಗೆ ತಾನೆ ಹೋಗೋದು, ಹಾಕಪ್ಪ ಎನ್ನುತ್ತಾರೆ. ಗುಡಿಯ ಹಾರೆಯನ್ನು ಸೀನಪ್ಪ ಅಲ್ಲಿ ಆಳಕ್ಕೆ ಬಡಿದು, ಸುತ್ತ ಯಾರೂ ಸುಳಿಯದಂತೆ ಹೂವಿನ ಬುಟ್ಟಿಗಳನ್ನು ಅಡ್ಡ ಇಟ್ಟು, ವೈರು ಬಿಗಿದು ಸ್ವಿಚ್ಚು ಹಾಕುತ್ತಾರೆ. ಗುಂಯ್ ಸದ್ದಿಲ್ಲ. ಕೈಗೆ ಏನೂ ತಾಗುವುದಿಲ್ಲ. ಸ್ವಿಚ್ಚು ಆರಿಸಿ ಹಾಕುತ್ತಾರೆ, ಮತ್ತೆ ಮುಟ್ಟುತ್ತಾರೆ. ಏನೂ ಇಲ್ಲ.

ಸಿಂಚನ ಶಾಲು ಬಿಚ್ಚಿ ಮ್ಯಾಂಡೋಲಿನ್ ತೊಡೆಯ ಮೇಲಿಟ್ಟುಕೊಂಡು ಕೇಬಲ್ಲಿಗೆ ಕೈ ಚಾಚುತ್ತಾಳೆ. ಸೀನಪ್ಪ ಕೇಬಲ್ಲನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಆಕೆಯ ಬರಿಗಾಲು ನೋಡುತ್ತಾರೆ. ಹಾರೆಯೇನೋ ಕರೆಂಟನ್ನು ನೆಲಕ್ಕಿಳಿಸಿದೆ. ಆದರೆ ಸೋರುತ್ತಿರುವುದು ಬಾಕ್ಸಿನ ಹೊಟ್ಟೆಯೊಳಗೆ. ಅದು ಎಲ್ಲಿ, ಎಷ್ಟು, ಇನ್ನೊಂದು ಗಳಿಗೆಯಲ್ಲಿ ಎಷ್ಟಾಗುತ್ತದೆ ಎಂಬುದು ಬಿಚ್ಚಿ ನೋಡುವ ತನಕ ಅವರಿಗೆ ಗೊತ್ತಿಲ್ಲ.

“ಬ್ಯಾಡಮ್ಮಣ್ಣಿ. ಇವತ್ತು ಕೊಡಲ್ಲ.”

“ಸರಿಹೋಯ್ತಲ್ಲ ಅಂಕಲ್? ನೀವೇ ಮುಟ್ಟಿದ್ರಲ್ಲ.”

“ಬೆಳಿಗ್ಗೆ ನಲ್ಲೀನೂ ಸರಿಯಾಗೈತೆ ಅಂತ್ಲೇ ಅಂದ್ಕಂಡಿದ್ದೆ ನಾನು.”

ಹುಡುಗಿಯ ಕಣ್ಣು ತುಂಬುತ್ತದೆ. ಮಂಜಿನಲ್ಲಿ ನಡೆದು ಬಂದ ಜನಕ್ಕೆ ಏನು ಹೇಳಲಿ ಎಂದು ಆದಿನಾರಾಯಣಪ್ಪ ಗೊಣಗುತ್ತಾರೆ. ಮುಂದಿನ ಶನಿವಾರಕ್ಕೆ ಬೇರೆ ಸೆಟ್ಟಿನವರನ್ನು ನೋಡುವುದೇ ಸರಿ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಸೀನಪ್ಪ ತಲೆ ತಗ್ಗಿಸಿ ಕೇಬಲ್ಲು ಸುತ್ತುತ್ತಾರೆ. ಸುತ್ತಿದ ಮೇಲೆ ಹೋಗಿಬಿಡುವುದಿಲ್ಲ. ಹುಡುಗಿಯ ಚಾಪೆಯನ್ನು ತೆಗೆದುಕೊಂಡು ಹೋಗಿ ಮಂಟಪದ ಎರಡು ಗೋಡೆ ಕೂಡುವ ಮೂಲೆಯಲ್ಲಿ ಹಾಸುತ್ತಾರೆ. ಬಾಕ್ಸನ್ನು ಇಷ್ಟು ವರ್ಷ ಯಾವ ಕಲ್ಲಿನಿಂದ ದೂರ ಎಳೆಯುತ್ತಿದ್ದರೋ ಆ ಕಲ್ಲಿಗೇ ಬೆನ್ನು ತಾಗುವಂತೆ ಆಕೆಯನ್ನು ಕೂರಿಸುತ್ತಾರೆ. ಫ್ಯಾನು ಆರಿಸುತ್ತಾರೆ. ಒಲೆಯ ಹತ್ತಿರ ಪಾತ್ರೆ ಸದ್ದು ಮಾಡಬೇಡಿರೆಂದು ಕೈ ಮುಗಿಯುತ್ತಾರೆ. ಮಕ್ಕಳನ್ನು ಮುಂದೆ, ದೊಡ್ಡವರನ್ನು ಹಿಂದೆ ಒತ್ತಾಗಿ ಕೂರಿಸುತ್ತಾರೆ.

ಕೇಬಲ್ಲಿಲ್ಲದ ಆ ವಾದ್ಯಕ್ಕೆ ಇರುವುದು ಸೊಳ್ಳೆಯಷ್ಟು ದನಿ. ಆದರೂ ಮೂಲೆಯ ಕಲ್ಲು ಅದನ್ನು ಎತ್ತಿಕೊಂಡು ಎದುರಿನ ಕೆಲವು ಸಾಲುಗಳಿಗೆ ತಲುಪಿಸುತ್ತದೆ. ಅದರಾಚೆಯವರಿಗೆ ಹುಡುಗಿಯ ಬೆರಳು ಆಡುವುದು ಕಾಣುತ್ತದೆ, ಅಷ್ಟೆ. ಕೆಲವರು ಎದ್ದು ಹುಗ್ಗಿಯ ಸಾಲಿಗೆ ಹೋಗುತ್ತಾರೆ. ತೆರೆ ಸರಿದು ಮಂಗಳಾರತಿಯಾಗುವ ತನಕ ಸಿಂಚನ ನಿಲ್ಲಿಸದೆ ನುಡಿಸುತ್ತಾಳೆ. ಸೀನಪ್ಪ ಕೇಳಿದರೋ ಇಲ್ಲವೋ ತಿಳಿಯದು. ಅವರ ಕಣ್ಣು ಜಗಲಿಯ ಮೇಲೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಮುನಿತಾಯಮ್ಮನ ಮೇಲೇ ಇದೆ.

ಜನ ಕರಗಿದ ಮೇಲೆ ಬಾಕ್ಸಿಗೆ ಮತ್ತೆ ಗೋಣಿಚೀಲ ಸುತ್ತುತ್ತಾರೆ. ಬಿಚ್ಚಿ, ಟ್ರಾನ್ಸ್‌ಫಾರ್ಮರ್ ಬದಲಾಯಿಸಿ, ದಿನಗಟ್ಟಲೆ ನೋಡಿದ ಮೇಲಷ್ಟೇ ಅದನ್ನು ಇನ್ನೊಂದು ಊರಿಗೆ ಒಯ್ಯುವುದು. ಮುಂದಿನ ಶನಿವಾರದ ವಿಷಯ ಆದಿನಾರಾಯಣಪ್ಪನವರಿಗೆ ಬಿಟ್ಟದ್ದು. ಅವರನ್ನು ಸೀನಪ್ಪ ಕೇಳಿಕೊಂಡದ್ದು ಬೇರೆಯದನ್ನೇ.

“ನಂಗೆ ಕರೀದಿದ್ರೂ ಚಿಂತೆ ಇಲ್ಲ ಯಜಮಾನ್ರೇ. ಆ ಬೋರ್ಡಿನ ಮೂರನೇ ತೂತಿಗೆ ಒಂದು ವೈರು ಎಳೆಸಿ, ನೆಲಕ್ಕೆ ಸರಿಯಾಗಿ ಅರ್ಥ್ ಮಾಡಿಸ್ಬಿಡಿ. ನಾಳೆ ಬರೋನು ಯಾರೋ ಏನೋ, ಅವನೂ ನಲ್ಲೀನೇ ಹುಡುಕ್ತಾನೆ.”

ಅಧ್ಯಕ್ಷರು ಬೋರ್ಡಿನ ಕಡೆ ತಿರುಗಿ ನೋಡುತ್ತ ನಿಲ್ಲುತ್ತಾರೆ.

ಬಾಕ್ಸನ್ನು ಮಂಟಪದಲ್ಲೇ ಬಿಟ್ಟು ಸೀನಪ್ಪ ಮೊಪೆಡ್ ತಿರುಗಿಸುತ್ತಾರೆ. ಮುನಿತಾಯಮ್ಮನನ್ನು ತೂಬಗೆರೆಯ ಆಸ್ಪತ್ರೆಗೆ ತೋರಿಸಲೇಬೇಕು. ಆಕೆಗೆ ಒಪ್ಪಿಗೆಯಿಲ್ಲ.

“ಅಲ್ಲೂ ಸೂಜಿ ಚುಚ್ಚೋದೇ ತಾನೆ. ಒಂದು ಬೆಳಿಗ್ಗೇಲಿ ಎಷ್ಟು ಸಲ ಚುಚ್ಚಿಸ್ಕಳ್ಳಲಪ್ಪಾ?”

ಸೀನಪ್ಪ ಮೊಪೆಡ್ಡು ಆರಿಸುವುದಿಲ್ಲ. ಕೊನೆಗೆ ಆಕೆ ಎದ್ದು ಸೆರಗು ಹೊದ್ದು ಮೆಟ್ಟಿಲಿಳಿಯುತ್ತಾರೆ. ಇಳಿದವರು ಅಂಗಳದಲ್ಲಿ ನಿಂತುಬಿಡುತ್ತಾರೆ. ಧನುರ್ಮಾಸದ ಶನಿವಾರ, ಹೊತ್ತು ಏರಿದೆ. ದೇವರ ಬಾಗಿಲಿಗೆ ನೀರು ಬಿದ್ದಿಲ್ಲ, ರಂಗೋಲಿ ಎಳೆದಿಲ್ಲ. ಜನರ ಹೆಜ್ಜೆಗಳಷ್ಟೇ ಕಾಣುತ್ತಿವೆ. ಅಂಗಳಕ್ಕೆ ನೀರು ಚಿಮುಕಿಸದೆ ಹೊರಡಲು ಆಕೆಗೆ ಕಾಲು ಏಳುವುದಿಲ್ಲ.

ಸೀನಪ್ಪ ಮೊಪೆಡ್ಡಿಗೆ ಸ್ಟ್ಯಾಂಡು ಹಾಕಿ ಹಿತ್ತಲಿಗೆ ನಡೆಯುತ್ತಾರೆ. ಉರುಳಿದಲ್ಲೇ ಬಿದ್ದಿದ್ದ ಬಿಂದಿಗೆಯನ್ನು ಎತ್ತಿ, ಕೆಸರು ತೊಳೆದು, ನಲ್ಲಿ ತಿರುಗಿಸಿ ಕಂಠದವರೆಗೂ ತುಂಬುತ್ತಾರೆ. ಹೆಗಲ ಮೇಲೆ ಹೊತ್ತು ತಂದು, ಆಕೆಯ ಎಡಗೈಗೆ ಭಾರ ಬೀಳದಂತೆ ಕೆಳಗಿನಿಂದ ತಮ್ಮ ಕೈ ಕೊಟ್ಟು, ಬಿಂದಿಗೆಯನ್ನು ಆಕೆಯ ಸೊಂಟಕ್ಕೆ ಸೇರಿಸುತ್ತಾರೆ.