ಕಂಪೈಲ್ ಆದಾಗಲೇ ಕೂತುಬಿಟ್ಟ ಅಂಕಿಗಳು

ನೋಯ್ಡಾದಲ್ಲಿ ನಾನು ಕೆಲಸಕ್ಕಿದ್ದ ಸಣ್ಣ ಕಂಪನಿಯಲ್ಲಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಚೆನ್ನಾಗಿ ಬಲ್ಲವರು ಒಬ್ಬರೇ ಇದ್ದರು, ನನ್ನ ಸೀನಿಯರ್. ಕರ್ನಾಟಕದವರೇ. ಅವರು ಬರೆದ ಪ್ರೋಗ್ರಾಂ ಪೂರ್ವ ದೆಹಲಿಯ ಲಸಿಕೆ ಗೋದಾಮೊಂದರ ಶೀತಲ ಕೋಣೆಗಳನ್ನು ಕಾಯುತ್ತಿತ್ತು. ತಾಪಮಾನ ಮಿತಿಗಿಂತ ಮೇಲೇರಿದರೂ ಕೆಳಗಿಳಿದರೂ ಸೈರನ್ ಕೂಗಬೇಕು. ಮಿತಿಗಳು ಒಂದು ಫೈಲಿನಲ್ಲಿದ್ದವು. ಅದನ್ನು ಓದುವ ಕೆಲಸವನ್ನು ಅವರು ಒಂದು ಮ್ಯಾಕ್ರೋಗೆ, ಅಂದರೆ ಪ್ರೋಗ್ರಾಮಿನ ಸಾಲುಗಳನ್ನು ತಾನೇ ಬರೆದುಕೊಡುವ ತುಣುಕೊಂದಕ್ಕೆ, ವಹಿಸಿದ್ದರು. ಪ್ರೋಗ್ರಾಂ ಓಡುವಾಗಲ್ಲ, ಅದಕ್ಕೂ ಮೊದಲು, ಬರೆದದ್ದು ಯಂತ್ರದ ಭಾಷೆಗೆ ಇಳಿದು ಕಂಪೈಲ್ ಆಗುವಾಗಲೇ ಮ್ಯಾಕ್ರೋ ಕೆಲಸ ಮಾಡುತ್ತದೆ. ಫೈಲು ಓದಿ, ಲೆಕ್ಕ ಮುಗಿಸಿ, ಸಿಕ್ಕ ಅಂಕಿಗಳನ್ನಷ್ಟೇ ಪ್ರೋಗ್ರಾಮಿನೊಳಗೆ ಕೂರಿಸಿಬಿಡುತ್ತದೆ.

"ಓಡುವಾಗ ಮಾಡೋಕೆ ಏನೂ ಉಳಿದೇ ಇರಲ್ಲ ನೋಡಿ" ಎಂದು ಅವರು ತೋರಿಸಿದಾಗ ನನಗೆ ಅದು ಬಹಳ ಹಿಡಿಸಿತ್ತು.

ಅವರು ಕೆಲಸ ಬಿಟ್ಟು ಹೋದರು. ಆಮೇಲೆ ಅವರ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಕಂಪೈಲ್ ಮಾಡಿಕೊಡುವ ಸಾಫ್ಟ್‌ವೇರ್, ಆ ಕಂಪೈಲರ್, ಇದ್ದದ್ದು ಅದೊಂದರಲ್ಲೇ. ಮತ್ತೆ ಲೈಸೆನ್ಸ್ ಕೊಳ್ಳಲು ಮ್ಯಾನೇಜರ್ ಒಪ್ಪಲಿಲ್ಲ. ಇನ್ನು ಮುಂದೆ ಎಲ್ಲವೂ ಜಾವಾ ಭಾಷೆಯಲ್ಲಿ ಎಂದರು.

ಮೇ ತಿಂಗಳ ಬಿಸಿಲಲ್ಲಿ ಗೋದಾಮಿನಿಂದ ಫೋನ್ ಬಂತು. ಅಲ್ಲಿನ ಅಧಿಕಾರಿ ಬಹಳ ವರ್ಷಗಳಿಂದ ದೆಹಲಿಯಲ್ಲಿದ್ದ ಕನ್ನಡದ ಹೆಂಗಸು. ಒಂದು ಕೋಣೆಯನ್ನು ಹೊಸದಾಗಿ, ಸೊನ್ನೆಗಿಂತ ಕೆಳಗಿನ ತಂಪಿನಲ್ಲಿಡಬೇಕಾದ ಲಸಿಕೆಗಳಿಗೆ ಬಿಟ್ಟುಕೊಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಸೈರನ್ ಬೆಳಗಿನಿಂದ ಕೂಗುತ್ತಲೇ ಇತ್ತು. ಸಿಬ್ಬಂದಿ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಿದ್ದರು.

"ನೋಡಮ್ಮ, ಹೊಸ ಮಿತಿ ನಾನೇ ಫೈಲಲ್ಲಿ ಹಾಕಿದೀನಿ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದ್ದೂ ಆಯ್ತು" ಎಂದರು ಅಧಿಕಾರಿ.

"ಆ ಫೈಲನ್ನ ಪ್ರೋಗ್ರಾಂ ಈಗ ನೋಡೋದೇ ಇಲ್ಲ ಮೇಡಂ. ನಮ್ಮ ಆಫೀಸಲ್ಲಿ ಕಂಪೈಲ್ ಮಾಡಿದಾಗ ಒಂದ್ಸಲ ಓದಿತ್ತು, ಅಷ್ಟೇ."

"ಅಚ್ಛಾ. ಮತ್ತೆ ಈ ಫೈಲ್ ಯಾಕೆ ಇಲ್ಲಿಟ್ಟಿದೀರಿ?"

ಹೊರಗೆ ನಿಂತು ಸೀನಿಯರ್‌ಗೆ ಫೋನ್ ಮಾಡಿದೆ.

"ಫೈಲ್ ತಿದ್ದಿ ಮತ್ತೆ ಕಂಪೈಲ್ ಮಾಡಿ. ಎರಡು ನಿಮಿಷದ ಕೆಲಸ" ಎಂದರು.

"ಕಂಪೈಲರ್ರೇ ಇಲ್ಲ ಸರ್."

"ಹಾಗಾದ್ರೆ ನಾನೇನು ಹೇಳಲಿ" ಎಂದರು.

ಒಳಗೆ ಬಂದು ಕೀಬೋರ್ಡಿನ ಮುಂದೆ ಕೂತೆ. ಮೂಲ ಪ್ರೋಗ್ರಾಂ ನನ್ನ ಸಿ.ಡಿ.ಯಲ್ಲಿತ್ತು, ಯಾವ ಸಾಲು, ಯಾವ ಅಂಕಿ ಎಂದು ಬೆರಳಿಟ್ಟು ತೋರಿಸಬಲ್ಲವಳಾಗಿದ್ದೆ. ಆದರೆ ಓಡುತ್ತಿದ್ದ ಪ್ರೋಗ್ರಾಮಿನೊಳಗೆ ಕೈ ಹಾಕುವ ದಾರಿ ನನಗೆ ತಿಳಿಯಲಿಲ್ಲ. ಆ ಕೂಗಿನ ನಡುವೆ ಯೋಚನೆಯೂ ಓಡಲಿಲ್ಲ. ಅಳು ಬರುವಂತಾಯಿತು.

ಅಧಿಕಾರಿ ನನ್ನ ಮುಖ ನೋಡಿದರು. "ಬಿಡಮ್ಮ, ಚಲೋ" ಎಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಸೈರನ್ನಿನ ತಂತಿ ಬಿಚ್ಚಿಸಿದರು. ಒಮ್ಮೆಲೇ ಬಂದ ಆ ಮೌನದಲ್ಲಿ ನನಗೆ ತಲೆ ಎತ್ತಲಾಗಲಿಲ್ಲ. ಅವತ್ತಿನಿಂದ ಸಿಬ್ಬಂದಿ ಪಾಳಿಯ ಮೇಲೆ ಥರ್ಮಾಮೀಟರ್ ನೋಡುತ್ತಾ ಕೋಣೆಗಳನ್ನು ಕಾದರು.

ಚಳಿಗಾಲ ಬರುವ ಹೊತ್ತಿಗೆ ಜಾವಾದ ಪ್ರೋಗ್ರಾಂ ಸಿದ್ಧವಾಯಿತು. ಅದನ್ನು ಬರೆದವರು ಬೇರೆಯವರು. ನನ್ನನ್ನು ಅಷ್ಟರಲ್ಲಿ, ಬರೆದದ್ದನ್ನು ಪರೀಕ್ಷಿಸುವ ಟೆಸ್ಟಿಂಗ್ ವಿಭಾಗಕ್ಕೆ ಹಾಕಿದ್ದರು.