ಹನ್ನೆರಡಕ್ಕೆ ನಿಂತ ಎಣಿಕೆ

ಸತ್ತು ಬದುಕಿದವರು ಹೇಳುವ ಕತೆಗಳನ್ನು ನಾನು ನಂಬುತ್ತಿರಲಿಲ್ಲ. ನಂಬುತ್ತಿರಲಿಲ್ಲ ಅಂದರೆ ಕಮ್ಮಿಯಾಯಿತು, ಬೆನ್ನ ಹಿಂದೆ ನಗುತ್ತಿದ್ದೆ. ನನ್ನ ಗ್ರಹಚಾರ ನೋಡಿ, ಸಂಬಳ ಕೊಡುತ್ತಿದ್ದದ್ದು ಮಾತ್ರ ಅಂಥ ಕತೆಗಳನ್ನು ಕೇಳಿ ಬರೆದುಕೊಳ್ಳುವುದಕ್ಕೇ!

ಚೆನ್ನೈನ ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ಹೃದಯ ನಿಂತು ಹೋದವರನ್ನು ಇನ್ನೂ ಚೆನ್ನಾಗಿ ಬದುಕಿಸಿಕೊಳ್ಳುವುದು ಹೇಗೆ, ಬದುಕಿದವರು ಆಮೇಲೆ ಹೇಗಿರುತ್ತಾರೆ ಅಂತ ಅಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ನಾಡಿ ಮರಳಿ ಬಂದವರ ಮೈಯನ್ನು ಒಂದು ದಿನ ತಣ್ಣಗೆ ಇಟ್ಟು ಮಿದುಳು ಕಾಪಾಡುವುದು, ಎಚ್ಚರವಾದ ಮೇಲೆ ನಡಿಗೆ, ನಿದ್ದೆ, ನೆನಪು ಎಲ್ಲ ವರ್ಷದವರೆಗೆ ವಿಚಾರಿಸುವುದು. ಐಸಿಯುನಲ್ಲಿ ನರ್ಸ್ ಆಗಿದ್ದ ನನ್ನನ್ನು, ತಮಿಳು ಚೆನ್ನಾಗಿ ಬರುತ್ತದೆ, ಮಾತೂ ಜಾಸ್ತಿ ಅಂತ, ಈ ವಿಚಾರಿಸುವ ಕೆಲಸಕ್ಕೆ ಹಾಕಿದ್ದರು. ಫಾರ್ಮಿನ ಕೊನೆಯ ಪ್ರಶ್ನೆ ಇದು: ಹೃದಯ ನಿಂತಿದ್ದ ಹೊತ್ತಿನದು ಏನಾದರೂ ನೆನಪಿದೆಯೇ? ಹೆಚ್ಚಿನವರು ಇಲ್ಲ ಅನ್ನುತ್ತಿದ್ದರು. ಒಬ್ಬರಿಗೆ ನವಿಲು ಕಂಡಿತ್ತು, ಇನ್ನೊಬ್ಬರಿಗೆ ತೀರಿಹೋದ ಅಜ್ಜಿ. ಗಂಭೀರ ಮುಖ ಮಾಡಿ ಬರೆದುಕೊಂಡು, ಕ್ಯಾಂಟೀನಿಗೆ ಬಂದು ಗೆಳತಿಯರ ಹತ್ತಿರ ಆಡಿಕೊಳ್ಳುತ್ತಿದ್ದೆ. ದೇವರು ಎಲ್ಲ ನೋಡುತ್ತಿರುತ್ತಾನೆ.

ಮುಂದೆ ಹೇಳುವುದು ಅರ್ಥವಾಗಬೇಕಾದರೆ ನಮ್ಮ ಮನೆಯ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ನಮ್ಮದು ಉಡುಪಿ ಕಡೆ. ಅಜ್ಜನ ಕಾಲಕ್ಕೇ ಚೆನ್ನೈಗೆ ಬಂದು ಹೋಟೆಲ್ ಇಟ್ಟವರು. ಬೆಳಿಗ್ಗೆ ಉಗ್ರಾಣದಲ್ಲಿ ಅಪ್ಪಯ್ಯ ಸೇರಿನಲ್ಲಿ ಅಕ್ಕಿ ಅಳೆದು ಕೊಟ್ಟ ಮೇಲೇ ಅಡುಗೆ ಒಲೆ ಹೊತ್ತುತ್ತಿತ್ತು. ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವ ಹಾಗಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು, ಹೀಗೆ. ಅದು ಊರೆಲ್ಲ ಇರುವ ಪದ್ಧತಿ, ತಮಿಳರಲ್ಲೂ ಇದೆ. ಅದರ ಮೇಲೆ ನಮ್ಮ ಅಪ್ಪಯ್ಯನದೇ ಒಂದು ಕಟ್ಟಳೆ ಇತ್ತು. ನಡುವೆ ಲೆಕ್ಕ ತಪ್ಪಿದರೆ ಅಂದಾಜಿನಲ್ಲಿ ಮುಂದುವರಿಸಕೂಡದು. ಅಳೆದದ್ದನ್ನೆಲ್ಲ ಗೋಣಿಗೆ ವಾಪಸು ಸುರಿದು ಮತ್ತೆ ಲಾಭದಿಂದಲೇ ಶುರು ಮಾಡಬೇಕು. ಚಿಕ್ಕವಳಿದ್ದಾಗ ನಡುವೆ ಬಾಯಿ ಹಾಕಿ ಎಷ್ಟು ಸಲ ಬೈಸಿಕೊಂಡಿದ್ದೇನೋ! “ನಿನ್ನ ಬಾಯಿಗಿಷ್ಟು, ಮಾರಾಯ್ತಿ, ಲೆಕ್ಕ ಹೋಯ್ತಲ್ಲ!” ಅಂತ ಅಷ್ಟನ್ನೂ ಸುರಿಯುತ್ತಿದ್ದರು. ಇವತ್ತಿಗೂ ಮನಸ್ಸಿನಲ್ಲಿ ಏನು ಎಣಿಸಿದರೂ ನನಗೆ ಬರುವುದು ಹಾಗೆಯೇ.

ಅವತ್ತು ಮಧ್ಯಾಹ್ನ ಊಟಕ್ಕೆಂದು ಕೆಳಗಿಳಿಯಲು ಲಿಫ್ಟ್ ಹತ್ತಿದೆ. ಒಳಗೆ ಸ್ಟ್ರೆಚರ್ ಮೇಲೆ ಒಬ್ಬರು ರೋಗಿ, ಜೊತೆಗೆ ಆಯಾ ಅಂಜಲೈ ಅಕ್ಕ. ರೋಗಿಯ ಹೆಸರನ್ನು ಮುರುಗೇಶನ್ ಅಂತಿಟ್ಟುಕೊಳ್ಳಿ. ರಾಯಪುರಂನವರು, ಮೀನಿನ ಬಂದರಿನಲ್ಲಿ ಐಸ್ ಪೆಟ್ಟಿಗೆ ಹೊರುವ ಕೆಲಸ. ಎದೆನೋವೆಂದು ಸೇರಿ ಎರಡು ದಿನವಾಗಿತ್ತು, ನೋವು ಇಳಿದಿತ್ತು, ಎಕೋ ಮಾಡಿಸಲು ಕರೆದೊಯ್ಯುತ್ತಿದ್ದರು. ಎರಡು ಮಹಡಿಗಳ ನಡುವೆ ಲಿಫ್ಟ್ ಗಕ್ಕನೆ ನಿಂತು ದೀಪ ಆರಿತು. ಫ್ಯಾನೂ ನಿಂತಿತು. “ಹಣೆಬರಹ,” ಅಂದೆ. ಅಂಜಲೈ ಅಕ್ಕ ತನ್ನ ಫೋನಿನ ಟಾರ್ಚ್ ಹಾಕಿದಳು. ಆ ಬೆಳಕಿನಲ್ಲಿ ನೋಡುತ್ತೇನೆ, ಮುರುಗೇಶಣ್ಣನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ. ಕುತ್ತಿಗೆಗೆ ಬೆರಳಿಟ್ಟೆ. ನಾಡಿ ಇಲ್ಲ.

ಅಲಾರಂ ಒತ್ತಿದೆವು, ವಾರ್ಡಿಗೆ ಫೋನ್ ಮಾಡಿದೆವು. ಲಿಫ್ಟಿನವನನ್ನು ಹುಡುಕುತ್ತಿದ್ದೇವೆ ಅಂದರು. ಶಾಕ್ ಕೊಡುವ ಯಂತ್ರ ಬಾಗಿಲಿನ ಆಚೆ, ಡಾಕ್ಟರು ಬಾಗಿಲಿನ ಆಚೆ, ಈಚೆ ನಾನು. ಸ್ಟ್ರೆಚರಿನ ಅಡಿಯಲ್ಲಿ ಉಸಿರು ಕೊಡುವ ಚೀಲ ಇತ್ತು, ಪುಣ್ಯ. ಅದನ್ನು ಮೂಗು ಬಾಯಿ ಮುಚ್ಚುವಂತೆ ಹಿಡಿದುಕೊಳ್ಳಲು ಅಂಜಲೈ ಅಕ್ಕನಿಗೆ ತೋರಿಸಿಕೊಟ್ಟು ನಾನು ಎದೆ ಒತ್ತಲು ಶುರು ಮಾಡಿದೆ. ಮೂವತ್ತು ಸಲ ಒತ್ತಬೇಕು, ಎರಡು ಸಲ ಉಸಿರು ಕೊಡಬೇಕು, ಮತ್ತೆ ಮೂವತ್ತು. ನಿಯಮದ ಪ್ರಕಾರ ಜೋರಾಗಿ ಎಣಿಸಬೇಕು. ನನಗೆ ಆ ಸೆಕೆಯಲ್ಲಿ ಉಸಿರೇ ಸಾಲುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ಮನಸ್ಸಿನಲ್ಲೇ ಎಣಿಸಿದೆ. ಲಾಭ, ಎರಡು, ಮೂರು. ಮೂವತ್ತಕ್ಕೆ ಮಾತ್ರ ಬಾಯಿ ಬಿಟ್ಟು “ಕುಡುಂಗ ಅಕ್ಕಾ” ಅನ್ನುತ್ತಿದ್ದೆ. ಕೊಡಿ ಅಕ್ಕ ಅಂತ. ಅವಳು ಚೀಲ ಹಿಂಡುತ್ತಿದ್ದಳು.

ನಡುನಡುವೆ ಲೆಕ್ಕ ತಪ್ಪುತ್ತಿತ್ತು. ತಪ್ಪಿದಾಗೆಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಅಪ್ಪಯ್ಯನ ಹಾಗೆ ಮತ್ತೆ ಲಾಭದಿಂದ ಎಣಿಸಿದೆ. ಪಾಪ, ಆ ಮನುಷ್ಯನಿಗೆ ಸಿಗಬೇಕಾದ ಉಸಿರು ಅಷ್ಟು ತಡವಾಯಿತು.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಒಂದು ಸುತ್ತಿನಲ್ಲಿ ಹನ್ನೆರಡಕ್ಕೆ ಕೈ ನಿಂತಿತು. ಸೋತು ನಿಂತಿತು ಅಂತ ಎಲ್ಲರಿಗೂ ಹೇಳಬಹುದು, ನಂಬುತ್ತಾರೆ. ನಿಜ ಏನೆಂದರೆ ನಾನೇ ನಿಲ್ಲಿಸಿದೆ. ಸತ್ತಿದ್ದಾರೆ, ಇನ್ನು ಸಾಕು ಅನ್ನಿಸಿತು. ಆ ಮನುಷ್ಯನಿಗಿಂತ ಹೆಚ್ಚಾಗಿ ನನಗೆ ಆ ಪೆಟ್ಟಿಗೆಯಿಂದ ಹೊರಗೆ ಹೋಗಬೇಕಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. “ಎನ್ನಾಚ್ಚು ಸಿಸ್ಟರ್?” ಏನಾಯಿತು ಅಂತ ಅಂಜಲೈ ಅಕ್ಕ ಕೇಳಿದಾಗ ಮತ್ತೆ ಒತ್ತತೊಡಗಿದೆ. ಹದಿಮೂರರಿಂದ ಅಲ್ಲ, ಲಾಭದಿಂದ.

ಕೊನೆಗೂ ಬಾಗಿಲು ಮೀಟಿ ತೆಗೆದರು. ಅಲ್ಲೇ ಶಾಕ್ ಕೊಟ್ಟರು, ನಾಡಿ ಬಂತು. ಒಂದು ದಿನ ತಣ್ಣಗೆ ಇಟ್ಟರು, ನಾಲ್ಕನೇ ದಿನ ಮುರುಗೇಶಣ್ಣ ಕಣ್ಣು ಬಿಟ್ಟರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ದೊಡ್ಡ ಡಾಕ್ಟರು ಸಿಹಿ ತರಿಸಿದರು. ನಾನೂ ತಿಂದೆ.

ಬದುಕಿಸುವುದರಲ್ಲಿ ಕೈ ಹಾಕಿದವರು ಆ ರೋಗಿಯನ್ನು ವಿಚಾರಿಸಕೂಡದು ಅಂತ ನಮ್ಮಲ್ಲಿ ನಿಯಮ ಇತ್ತು. ಆದರೆ ಜೊತೆಯವಳು ಬಾಣಂತನಕ್ಕೆ ಹೋಗಿದ್ದಳು, ಇದ್ದದ್ದು ನಾನೊಬ್ಬಳೇ. ಎರಡು ವಾರದ ಮೇಲೆ ಫಾರ್ಮ್ ಹಿಡಿದು ಅವರ ಹಾಸಿಗೆಯ ಪಕ್ಕ ಕೂತೆ. ಲಿಫ್ಟಿನಲ್ಲಿ ಇದ್ದವಳು ನಾನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ಖುಷಿಯಲ್ಲೇ ಇದ್ದರು. “ಐಸ್ ಹೊತ್ತವನನ್ನೇ ಐಸಿನಲ್ಲಿ ಇಟ್ಟಿರಲ್ಲಮ್ಮಾ,” ಅಂತ ನಕ್ಕರು. ಕೊನೆಯ ಪ್ರಶ್ನೆ ಕೇಳಿದಾಗ ನಗು ಹೋಯಿತು.

ಅವರು ತಮಿಳಿನಲ್ಲಿ ಹೇಳಿದ್ದು ಇದು. ಒಂದು ಕತ್ತಲೆ ಕೋಣೆ. ಎದೆಯವರೆಗೆ ಅಕ್ಕಿ. ಕೈಕಾಲು ಅಲ್ಲಾಡಿಸಲು ಆಗದು, ಬಾಗಿಲು ಎಲ್ಲಿ ಅಂತ ಕಾಣದು. ಯಾರೋ ಹೆಂಗಸು ಸೇರಿನಲ್ಲಿ ಅಕ್ಕಿ ತೆಗೆಯುತ್ತಾ ಎಣಿಸುತ್ತಿದ್ದಳಂತೆ. ಎಣಿಕೆ ಪೂರ್ತಿಯಾದರೆ ಎಲ್ಲಿಂದಲೋ ಸ್ವಲ್ಪ ಗಾಳಿ ಬರುತ್ತಿತ್ತು. ಒಂದೊಂದು ಸಲ ನಡುವೆಯೇ ತೆಗೆದದ್ದನ್ನೆಲ್ಲ ಅವರ ಮೇಲೆ ವಾಪಸು ಸುರಿದು ಮೊದಲಿಂದ ಶುರು ಮಾಡುತ್ತಿದ್ದಳು. ಮೊದಲ ಸೇರಿಗೆ ಲಾಭ ಅನ್ನುತ್ತಿದ್ದಳಂತೆ, ಅದು ಅವರಿಗೂ ಗೊತ್ತಿದ್ದ ಮಾತು. ಆಮೇಲಿನದು ಯಾವ ಭಾಷೆಯೋ.

“ಒಂದು ಸಲ ನಡುವೆ ಬಿಟ್ಟುಬಿಟ್ಟಳಮ್ಮಾ. ಎದ್ದು ಹೋಗೋಕೆ ಹೊರಟಳು. ಹನ್ನೆರಡು ಅಂದಳು, ನಿಲ್ಲಿಸಿದಳು,” ಅಂದರು. ಆ ಒಂದು ಶಬ್ದವನ್ನು ಅಚ್ಚ ಕನ್ನಡದಲ್ಲಿ, ನನ್ನ ಅಪ್ಪಯ್ಯ ಹೇಳುವ ಹಾಗೆಯೇ ಹೇಳಿದರು. ಆಮೇಲೆ ಕೇಳಿದರು: “ಅದು ಎಷ್ಟಮ್ಮಾ? ನಮ್ಮ ತಮಿಳಿನ ಪನ್ನೆಂಡಾ?”

ಇಲ್ಲ, ಗೊತ್ತಿಲ್ಲ ಅಂದೆ. ಹೊರಗೆ ಬಂದು ಸೀದಾ ಅಂಜಲೈ ಅಕ್ಕನನ್ನು ಹಿಡಿದೆ. ಅವತ್ತು ನಾನು ಜೋರಾಗಿ ಎಣಿಸಿದೆನಾ ಅಂತ ಕೇಳಿದೆ. “ಎಲ್ಲಿ ಸಿಸ್ಟರ್, ನೀವು ಬಾಯೇ ಬಿಡಲಿಲ್ಲ. ಕುಡುಂಗ ಅಕ್ಕಾ ಅನ್ನೋದು ಬಿಟ್ಟರೆ ನಿಮ್ಮ ಹಲ್ಲು ಕಡಿಯೋ ಸದ್ದೇ ಕೇಳ್ತಿತ್ತು,” ಅಂದಳು. ಬೇರೆಯವರ ವಿಷಯ ಎನ್ನುವಂತೆ ಡಾಕ್ಟರನ್ನೂ ವಿಚಾರಿಸಿದೆ. ಎದೆ ಚೆನ್ನಾಗಿ ಒತ್ತಿದರೆ ಮಿದುಳಿಗೆ ಅಷ್ಟಿಷ್ಟು ರಕ್ತ ಹೋಗುತ್ತದೆ, ಕೆಲವರಿಗೆ ಸದ್ದು ಕೇಳಿಸಬಹುದು ಅಂದರು. ಸರಿ, ಒಪ್ಪಿದೆ. ಆಡದ ಮಾತು ಹೇಗೆ ಕೇಳಿಸುತ್ತದೆ ಅಂತ ಅವರನ್ನು ಕೇಳುವ ಧೈರ್ಯ ಬರಲಿಲ್ಲ.

ಫಾರ್ಮಿನಲ್ಲಿ ‘ಏನೂ ನೆನಪಿಲ್ಲ’ ಅಂತ ಬರೆದೆ. ಇದ್ದದ್ದು ಬರೆದರೆ ಹನ್ನೆರಡಕ್ಕೆ ನಿಲ್ಲಿಸಿದವಳು ಯಾರು ಅನ್ನುವುದೂ ಬರುತ್ತಿತ್ತು. ಎಲ್ಲರ ನವಿಲುಗಳನ್ನೂ ಅಜ್ಜಿಯರನ್ನೂ ಒಂದಕ್ಷರ ಬಿಡದೆ ಬರೆದವಳು ಇದೊಂದನ್ನು ನುಂಗಿದೆ. ನಾಚಿಕೆಯಾಗುತ್ತದೆ.

ವರ್ಷ ತುಂಬಿದಾಗ ಕೊನೆಯ ವಿಚಾರಣೆಗೆ ರಾಯಪುರಂಗೆ ಅವರ ಮನೆಗೇ ಹೋದೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಒಂದೇ ಕೋಣೆಯ ಮನೆ, ಬಾಗಿಲು ಕಳಚಿ ಗೋಡೆಗೆ ಒರಗಿಸಿಟ್ಟಿದ್ದರು, ಬಾಗಿಲಿದ್ದಲ್ಲಿ ಹಳೆಯ ಸೀರೆಯ ಪರದೆ. ಹೆಂಡತಿ ವಳ್ಳಿ ಗೋಳು ತೋಡಿಕೊಂಡಳು. ಬಾಗಿಲು ಹಾಕಲು ಬಿಡುವುದಿಲ್ಲ, ಅನ್ನ ನೋಡಿದರೆ ಮುಖ ತಿರುಗಿಸುತ್ತಾರೆ, ನಿದ್ದೆಯಲ್ಲಿ ಎದ್ದು ಕೂರುತ್ತಾರೆ, ಹೀಗಾದರೆ ಕೆಲಸಕ್ಕೆ ಹೋಗುವುದು ಯಾವಾಗ ಅಂತ. ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದರು. ಇಂಥವರನ್ನು ಬದುಕಿಸಿದೆ ಅಂತ ಹೇಳಿಕೊಂಡು ನಾನು ಸಿಹಿ ತಿಂದಿದ್ದೆ.

“ನಾನಿನ್ನೂ ಅಲ್ಲೇ ಇದ್ದೀನಮ್ಮಾ,” ಅಂದರು. ಕಣ್ಣು ಮುಚ್ಚಿದರೆ ಅದೇ ಕೋಣೆ. ಹೆಂಗಸು ಹನ್ನೆರಡು ಅನ್ನುತ್ತಾಳೆ, ಮುಂದಿನದನ್ನು ಹೇಳುವುದಿಲ್ಲ. ಆಮೇಲೆ ಎಷ್ಟು ಸಲ ಹೊಸದಾಗಿ ಎಣಿಸಿದರೂ ಆ ಒಂದು ಎಣಿಕೆ ಹಾಗೇ ಬಾಕಿ ಉಳಿದಿದೆಯಂತೆ. ಅದು ಪೂರ್ತಿಯಾಗದೆ ಬಾಗಿಲು ತೆರೆಯುವುದಿಲ್ಲವಂತೆ.

ನಾನು ಫಾರ್ಮ್ ಮಡಚಿಟ್ಟೆ. ಎದ್ದು ಹೋಗಿಬಿಡಲೇ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಸಲ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಎಣಿಸತೊಡಗಿದೆ, ಈ ಸಲ ಬಾಯಿ ಬಿಟ್ಟು. ಹದಿಮೂರು. ಹದಿನಾಲ್ಕು. ಹದಿನೈದು. ವಳ್ಳಿ ಅಡುಗೆಯ ಮೂಲೆಯಿಂದ ಇಣುಕಿದಳು. ಮುರುಗೇಶಣ್ಣ ಮೊದಲು ನನ್ನನ್ನೇ ನೋಡುತ್ತಿದ್ದರು, ಇಪ್ಪತ್ತರ ಹೊತ್ತಿಗೆ ಕಣ್ಣು ಮುಚ್ಚಿದರು. ಎಲ್ಲಿ ಲೆಕ್ಕ ತಪ್ಪುತ್ತದೋ ಅಂತ ಬೆರಳು ಮಡಚಿಕೊಂಡು ಮೂವತ್ತರವರೆಗೆ ಹೇಳಿ ಸುಮ್ಮನಾದೆ. ಅವರು ಒಂದು ದೊಡ್ಡ ಉಸಿರು ಎಳೆದುಕೊಂಡರು, ಆಮೇಲೆ ಇನ್ನೊಂದು.

ಕಣ್ಣು ಬಿಟ್ಟು ಮೆಲ್ಲಗೆ ಕೇಳಿದರು: “ಯಾಕಮ್ಮಾ ನಿಲ್ಲಿಸಿದೆ?”

ಕೈ ಸೋತಿತ್ತಣ್ಣ ಅಂದೆ. ನೀವು ಸತ್ತಿರಿ ಅಂದುಕೊಂಡೆ ಅಂತ ಎದುರಿಗೆ ಕೂತ ಮನುಷ್ಯನಿಗೆ ಹೇಳುವುದು ಹೇಗೆ? ಅವರು ತಲೆಯಾಡಿಸಿದರು. ನಂಬಿದರೋ, ನನ್ನ ಮೇಲೆ ಕನಿಕರಪಟ್ಟರೋ ತಿಳಿಯಲಿಲ್ಲ. ವಳ್ಳಿ ಕಾಫಿ ತಂದುಕೊಟ್ಟಳು, ಕುಡಿದು ಬಂದೆ.

ತಿಂಗಳ ಮೇಲೆ ಅವಳ ಫೋನ್ ಬಂತು. ಬಾಗಿಲು ಮತ್ತೆ ಕೂರಿಸಿದರಂತೆ, ಬಂದರಿಗೆ ಹೋಗುತ್ತಿದ್ದಾರಂತೆ. ಕೇಳಿ ಅತ್ತುಬಿಟ್ಟೆ. ಆ ಕೆಲಸ ನಾನು ಬಿಟ್ಟು ವರ್ಷಗಳಾದವು. ಲಿಫ್ಟ್ ಹತ್ತುವುದಿಲ್ಲ, ಎಷ್ಟು ಮಹಡಿಯಾದರೂ ಏದುಸಿರು ಬಿಡುತ್ತಾ ಮೆಟ್ಟಿಲೇ. ಈಗ ಯಾರು ಏನು ಕಂಡೆ ಅಂದರೂ ನಗುವುದಿಲ್ಲ. ನಾನು ಬಾಯಿ ಬಿಡದೆ ಎಣಿಸಿದ್ದನ್ನು ಅವರು ಎಲ್ಲಿ ನಿಂತು ಕೇಳಿಸಿಕೊಂಡರು ಅನ್ನುವುದು ನನಗೆ ಇವತ್ತಿಗೂ ತಿಳಿಯದು. ತಿಳಿದವರು ಯಾರಾದರೂ ಮುಂದೆ ಆ ಸಂಶೋಧನೆಯ ಕಾಗದ ತೆಗೆದು ನೋಡಿದರೆ ಅವರಿಗೂ ಏನೂ ಸಿಗುವುದಿಲ್ಲ. ಮುರುಗೇಶಣ್ಣನ ಫಾರ್ಮಿನ ಕೊನೆಯ ಸಾಲಿನಲ್ಲಿ, ನನ್ನ ಕೈಬರಹದಲ್ಲಿ, ಏನೂ ನೆನಪಿಲ್ಲ ಅಂತಲೇ ಇದೆ.