ಮಹಡಿ ಮನೆಯವರ ಮೂಗು

ಹರಿಹರದಿಂದ ಬಂದು ದಾವಣಗೆರೆಯ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವರು ಏನು ಕೊಟ್ಟರೂ ಮೊದಲು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನ ಚಹಾಕ್ಕೂ ಅದೇ ಮರ್ಯಾದೆ. ಆಮೇಲೆ ಮೂಸಿ, ಒಂದು ಗುಟುಕು ಕುಡಿದು, "ಐದಕ್ಕೆ ಮೂರೂವರೆ, ಅಕ್ಕಾರ" ಅನ್ನುತ್ತಿದ್ದರು. ಬಗೆಬಗೆಯ ಬಿಯರ್ ರುಚಿ ನೋಡಿ, ಅಂಕ ಕೊಟ್ಟು ಬರೆಯುವುದು ಅವರ ಕೆಲಸ. ಗೊತ್ತಾದಾಗ ಹೆದರಿದ್ದೆ. ಎರಡು ಗುಟುಕು ಕುಡಿದು ಉಳಿದದ್ದನ್ನು ಮೋರಿಗೆ ಚೆಲ್ಲುವವರೆಂದು ತಿಳಿದ ಮೇಲೆ ಸುಮ್ಮನಾದೆ.

ಒಮ್ಮೆ ಅವರಿಗೆ ಜ್ವರ ಬಂತು. ಜ್ವರ ಬಿಟ್ಟು ತಿಂಗಳಾದರೂ ಮೂಗಿಗೆ ವಾಸನೆ ಹತ್ತಲಿಲ್ಲ. ಬರೆದು ಕಳಿಸದಿದ್ದರೆ ಕೆಲಸ ಹೋಗುತ್ತಿತ್ತು. ಒಂದು ಮಧ್ಯಾಹ್ನ ಕೆಂಪು ಬಿಯರಿನ ಲೋಟ ಹಿಡಿದು ನಮ್ಮ ಬಾಗಿಲಲ್ಲಿ ನಿಂತರು.

"ಕುಡೀಬ್ಯಾಡ್ರಿ ಅಕ್ಕಾರ, ಮೂಸಿ ಹೇಳ್ರಿ ಸಾಕು."

"ಇವತ್ತು ಸೋಮವಾರ ಐತ್ರಿ," ಅಂದೆ.

"ಹಂಗಾರ ನಾಳೆ ಬರ್ಲೇನ್ರಿ?"

ಆ ಮುಖ ನೋಡಲಾಗಲಿಲ್ಲ. ದೇವರ ಮನೆಯ ಬಾಗಿಲು ಮುಂದೆ ಮಾಡಿ ಬಂದು ಮೂಸಿದೆ.

"ಬೆಲ್ಲದ ಪಾಕ ಚೂರು ಹೆಚ್ಚು ಕಾಯ್ದಂಗೈತೆ. ಹುರಿದ ರಾಗಿ ಐತೆ. ಹಿಂದೆ ಕಿತ್ತಳೆ ಸಿಪ್ಪೆ."

ಎಲ್ಲವನ್ನೂ ಬರೆದುಕೊಂಡರು. "ಅಂಕ ಎಷ್ಟು ಕೊಡ್ಲಿ?"

"ವಾಸನೆಗೆ ನಾಕು ಕೊಡ್ರಿ. ಕುಡಿಯೋರಿಗೆ ಸೊನ್ನೆ."

ತುಂಬಾ ದಿನಗಳ ಮೇಲೆ ಅವರು ನಕ್ಕರು. ಅಲ್ಲಿಂದ ದಿನಾ ಬೆಳಗ್ಗೆ ಕೆಳಗೆ ಬಂದು ನನ್ನ ಇಂಗು, ಸಾರಿನ ಪುಡಿ, ಕರ್ಪೂರದ ಡಬ್ಬಿಗಳನ್ನು ಒಂದೊಂದಾಗಿ ಮೂಸತೊಡಗಿದರು. ಏನೂ ಹತ್ತದೆ, ಮುಚ್ಚಳ ಹಾಕಿಟ್ಟು ಹೋಗುತ್ತಿದ್ದರು.

ಒಂದು ದಿನ ಮೆಟ್ಟಿಲ ಮೇಲಿಂದಲೇ ಕೂಗಿದರು. "ಅಕ್ಕಾರ, ಒಲೆ ಮ್ಯಾಲೆ ಏನೋ ಸೀದು ಹೊಂಟೈತೆ ನೋಡ್ರಿ."

ನಾನು ಒಲೆಯ ಕಡೆ ಹೋಗಲಿಲ್ಲ. ಮೊದಲು ದೇವರ ಮುಂದೆ ಹೋಗಿ ಕೈ ಮುಗಿದೆ.